ಬಾರ್ಥೆಲ್ ಪ್ರಶ್ನೆಗಳನ್ನು ನಮ್ಮ ಮಾತಿಗೆ ತರುವುದು ಹೇಗೆ?

ಕಾರವಾರದಲ್ಲಿ ಫಿಸಿಯೋಥೆರಪಿ ಮಾಡುವ ನನ್ನ ಹತ್ತಿರ ಪಾರ್ಶ್ವವಾಯು ಆದವರೇ ಜಾಸ್ತಿ ಬರುತ್ತಾರೆ. ದಿನದ ಕೆಲಸಗಳಲ್ಲಿ ಅವರಿಗೆ ಎಷ್ಟು ಆಸರೆ ಬೇಕು ಎಂದು ನೋಡಲು ಬಾರ್ಥೆಲ್ ಇಂಡೆಕ್ಸ್ ಬಳಸುತ್ತೇನೆ. 1965ರಲ್ಲಿ ಅಮೆರಿಕದಲ್ಲಿ ಪ್ರಕಟವಾದದ್ದು. ಹತ್ತು ಕೆಲಸ, ಒಟ್ಟು 100 ಅಂಕ.

ಒಮ್ಮೆ ಕನ್ನಡದ ಪ್ರತಿ ನೋಡಿಕೊಂಡೇ ಕೊಂಕಣಿಯಲ್ಲಿ ಕೇಳಿದೆ. 'ಊಟ ನೀವೇ ಮಾಡ್ತೀರಾ?' ಅನ್ನುವುದು 'ತುಮೀ ಜೇವಣ ಕರ್ತಾತ್?' ಆಯಿತು, ಅಂದರೆ 'ಅಡುಗೆ ಮಾಡ್ತೀರಾ?' ಎಂದಾಯಿತು. ಮೀನು ಮಾರುತ್ತಿದ್ದ ಆ ಅಮ್ಮ ಇಲ್ಲ ಎಂದು ತಲೆಯಾಡಿಸಿದರು. ನಾನು ಸೊನ್ನೆ ಬರೆದೆ. 'ಅತ್ತೆ ತಾವೇ ಉಣ್ತಾರೆ, ಅಡುಗೆ ಮಾಡೋದು ನಾನು' ಅಂದಳು ಸೊಸೆ. ಹತ್ತು ಅಂಕ ಸುಮ್ನೆ ಹೋಗುತ್ತಿತ್ತು.

ಹಾಗಾಗಿ ಪ್ರತಿ ಭಾಷೆಗೂ ಮೂಲದಿಂದಲೇ ತನ್ನಿ, ಕನ್ನಡದ ಮೂಲಕ ಅಲ್ಲ. ಹಕ್ಕುದಾರರ ಅನುಮತಿ ಮೊದಲೇ ಪಡೆಯಿರಿ. ಇಬ್ಬರು ಬೇರೆಬೇರೆಯಾಗಿ ಅನುವಾದಿಸಲಿ. ಒಬ್ಬರು ಫಿಸಿಯೋಥೆರಪಿ ಬಲ್ಲವರು, ಇನ್ನೊಬ್ಬರು ಊರಿನ ಮಾತು ಬಲ್ಲವರು. ಎರಡನ್ನೂ ಕೂಡಿಸಿದ ಮೇಲೆ, ಮೂಲ ನೋಡದ ಇಬ್ಬರು ಅದನ್ನು ಮರಳಿ ಇಂಗ್ಲಿಷಿಗೆ ತರಲಿ. ತಪ್ಪು ಅಲ್ಲೇ ಸಿಕ್ಕಿಬೀಳುತ್ತದೆ.

ಕಷ್ಟ ಇರುವುದು ಉದಾಹರಣೆಗಳಲ್ಲಿ. ಊಟದ ಅಂಕಕ್ಕೆ ಮೂಲದಲ್ಲಿ ಬೆಣ್ಣೆ ಹಚ್ಚುವ ಮಾತಿದೆ. ನಮ್ಮಲ್ಲಿ ಯಾರು ದಿನಾ ಬೆಣ್ಣೆ ಹಚ್ಚುತ್ತಾರೆ? ಅಲ್ಲಿ ನೋಡುತ್ತಿರುವುದು ಕೈಯ ಸೂಕ್ಷ್ಮ ಕೆಲಸ ಅಲ್ವಾ? ನಾನು ಮೊದಲು 'ಮೀನಿನ ಮುಳ್ಳು ಬಿಡಿಸುವುದು' ಎಂದು ಬರೆದೆ. ಶಿರಸಿಯ ಕಡೆ ಮೀನು ತಿನ್ನದ ಮನೆಗಳೂ ಬಹಳ. ಕೊನೆಗೆ 'ದೋಸೆ ಮುರಿಯುವುದು, ಅನ್ನ ಸಾರು ಕಲಸುವುದು' ಎಂದು ಮಾಡಿಕೊಂಡೆ. ಬಟ್ಟೆ ತೊಡುವ ಪ್ರಶ್ನೆಯಲ್ಲಿ ಜಿಪ್ಪು, ಬೂಟಿನ ಲೇಸಿನ ಜಾಗಕ್ಕೆ ಬ್ಲೌಸಿನ ಹುಕ್ಕು, ಸೀರೆಯ ನೆರಿಗೆ, ಲುಂಗಿಯ ಗಂಟು ಬಂದವು. ವಯಸ್ಸಾದವರಿಗೆ 'ಸ್ನಾನ'ಕ್ಕಿಂತ 'ಮೀಯುವುದು' ಬೇಗ ಹತ್ತುತ್ತದೆ. ಶೌಚಾಲಯ ಕುಕ್ಕರಗಾಲಲ್ಲಿ ಕೂರುವುದೋ, ಕಮೋಡೋ ಎಂದು ಪಕ್ಕದಲ್ಲಿ ಬರೆದಿಡಿ. ಕುಕ್ಕರಗಾಲಿಂದ ಏಳಲು ಮೊಣಕಾಲಿಗೆ ಹೆಚ್ಚು ಬಲ ಬೇಕು.

ಅಂಕ ಮಾತ್ರ ಮುಟ್ಟಬೇಡಿ. ಅಂಕ ಬದಲಾದರೆ ನಮ್ಮ 60ನ್ನು ಬೇರೆ ಊರಿನ 60ರ ಪಕ್ಕ ಇಡಲು ಆಗುವುದಿಲ್ಲ.

ಆಮೇಲೆ 30-40 ಜನರ ಹತ್ತಿರ ಕೇಳಿ ನೋಡಿ. ಉತ್ತರ ಸಿಕ್ಕಿತು ಎಂದು ಮುಂದಿನ ಪ್ರಶ್ನೆಗೆ ಓಡಬೇಡಿ. 'ನಾನು ಕೇಳಿದ್ದು ಏನಂತ ಅರ್ಥ ಆಯ್ತು?' ಎಂದು ಕೇಳಿ, ಕಾಯಿರಿ. ಒಬ್ಬರೇ ರೋಗಿಗೆ ಇಬ್ಬರು ಥೆರಪಿಸ್ಟರು ಬೇರೆಬೇರೆಯಾಗಿ ಅಂಕ ಕೊಟ್ಟು ಹೋಲಿಸಲಿ. ನಾನಂತೂ ಹಾಳೆಯ ಬಲಕ್ಕೆ ನಾಲ್ಕು ಬೆರಳಗಲ ಜಾಗ ಬಿಡುತ್ತೇನೆ, ಅವರು ಅಂದದ್ದನ್ನು ಅವರ ಮಾತಲ್ಲೇ ಬರೆದುಕೊಳ್ಳಲು.