ಡೆಕ್ ಕಟ್ಟಿಸುವ ಮುನ್ನ: ಬೆಂಗಳೂರಿಂದ ಅಮೆರಿಕಕ್ಕೆ ಹೊರಟವರಿಗೆ

ಅಮೆರಿಕದಲ್ಲಿ ಮನೆ ಕೊಂಡ ಮೊದಲ ಬೇಸಿಗೆಗೇ ನಮ್ಮವರಿಗೆ ಹಿತ್ತಲಲ್ಲೊಂದು ಡೆಕ್ ಬೇಕೆನಿಸುತ್ತದೆ. ಸಂಜೆ ಕಾಫಿಗೆ, ಮಕ್ಕಳ ಹುಟ್ಟುಹಬ್ಬಕ್ಕೆ, ಊರಿಂದ ಅಪ್ಪ ಅಮ್ಮ ಬಂದಾಗ ಬಿಸಿಲು ಕಾಯಿಸಿಕೊಳ್ಳುವುದಕ್ಕೆ. ನಾನು ಶಿಕಾಗೊ ಕಡೆ ನೆಲೆಸಿ ಬಹಳ ಕಾಲವಾಯಿತು. ಚಳಿಗಾಲಕ್ಕೆ ಜಯನಗರಕ್ಕೆ ಬಂದರೆ, ಹೊರಡುವ ತಯಾರಿಯಲ್ಲಿರುವ ಹುಡುಗರೂ, ಅಲ್ಲಿ ಮನೆ ಕೊಂಡವರ ತಂದೆತಾಯಿಯರೂ ಕೇಳುವ ಪ್ರಶ್ನೆಗಳಲ್ಲಿ ಇದೂ ಒಂದು: "ಮರದ ಜಗಲಿ ತಾನೇ ಅಂಕಲ್, ಅದಕ್ಕೂ ಪರ್ಮಿಟ್ ಬೇಕಾ?"

ಬಹುಮಟ್ಟಿಗೆ ಬೇಕು. ಅಲ್ಲಿನ ಎಷ್ಟೋ ಊರುಗಳು ಇಂಟರ್‌ನ್ಯಾಷನಲ್ ರೆಸಿಡೆನ್ಷಿಯಲ್ ಕೋಡ್ ಅನ್ನುವ ನಿಯಮಾವಳಿಯನ್ನು ತಮಗೆ ಬೇಕಾದ ತಿದ್ದುಪಡಿಯೊಂದಿಗೆ ಬಳಸುತ್ತವೆ. ಅದರ ಪ್ರಕಾರ ಪರ್ಮಿಟ್ ಇಲ್ಲದೆ ಕಟ್ಟಬೇಕಾದರೆ ಡೆಕ್ 200 ಚದರಡಿ ಮೀರಬಾರದು, ನೆಲದಿಂದ 30 ಇಂಚಿಗಿಂತ ಎತ್ತರ ಇರಬಾರದು, ಮನೆಗೆ ಜೋಡಿಸಿರಬಾರದು, ಮನೆಯ ಕಡ್ಡಾಯ ನಿರ್ಗಮನದ ಬಾಗಿಲು ಅದರ ಮೇಲೆ ತೆರೆಯಬಾರದು. ನಾಲ್ಕೂ ಒಟ್ಟಿಗೆ ಕೂಡಿಬಂದರೆ ಮಾತ್ರ ವಿನಾಯಿತಿ. "ನಮ್ಮದು 12 ಅಡಿಗೆ 16 ಅಡಿ, 192 ಆಯಿತು, ಬಚಾವ್" ಅಂತ ಲೆಕ್ಕ ಹಾಕುವವರಿದ್ದಾರೆ. ಗೋಡೆಗೆ ಬೋಲ್ಟ್ ಬಿಗಿದರೆ ಆ ಲೆಕ್ಕ ಅಲ್ಲಿಗೇ ಮುಗಿಯಿತು. ನಿಮ್ಮ ಊರಿನ ಬಿಲ್ಡಿಂಗ್ ಡಿಪಾರ್ಟ್‌ಮೆಂಟಿಗೆ ಫೋನ್ ಮಾಡಿ ಕೇಳಿ. ಅಲ್ಲಿ ಅದಕ್ಕೆ ಮುಜುಗರ ಪಡಬೇಕಿಲ್ಲ, ಬ್ರೋಕರನ್ನು ಹಿಡಿಯಬೇಕಾಗಿಯೂ ಇಲ್ಲ.

ಇಲ್ಲಿಂದ ಹೋದವರು ಬಿಡಬೇಕಾದ ಅಭ್ಯಾಸವೊಂದಿದೆ. ಮಂಜೂರಾದ ನಕ್ಷೆಯಲ್ಲಿ ಎರಡು ಮಹಡಿ, ಸೈಟಿನ ಮೇಲೆ ನಾಲ್ಕು, ಸೆಟ್‌ಬ್ಯಾಕ್ ಜಾಗದಲ್ಲಿ ಮೆಟ್ಟಿಲು. ಕೇಳಿದರೆ "ಸಕ್ರಮ ಆಗತ್ತೆ ಬಿಡಿ" ಅನ್ನುತ್ತಾರೆ. ಸುಪ್ರೀಂ ಕೋರ್ಟು 2017ರಲ್ಲಿ ತಡೆ ಕೊಟ್ಟ ಮೇಲೂ ಅಕ್ರಮ-ಸಕ್ರಮವನ್ನು ನೆಚ್ಚಿಕೊಂಡು ಕೂತವರು ನಮ್ಮ ಬೀದಿಯಲ್ಲೇ ಇದ್ದಾರೆ. ಅಲ್ಲಿ ಈ ಧೈರ್ಯ ಮಾಡಿದರೆ ಮನೆ ಮಾರುವಾಗ ತಲೆನೋವು. ಕೊಳ್ಳುವವರು ಊರಿನ ದಾಖಲೆ ತೆಗೆಸಿ ನೋಡುತ್ತಾರೆ, ಡೆಕ್ಕಿಗೆ ಪರ್ಮಿಟ್ ಇಲ್ಲ ಅಂತ ಗೊತ್ತಾದರೆ ಬೆಲೆ ಇಳಿಸುತ್ತಾರೆ, ಇಲ್ಲವೇ ಮೊದಲು ಸರಿಮಾಡಿಸಿ ಅನ್ನುತ್ತಾರೆ. ಸರಿಮಾಡಿಸುವುದೆಂದರೆ ಒಳಗಿನ ಜೋಡಣೆ ಕಾಣುವಂತೆ ಹಲಗೆ ಕೀಳಿಸಬೇಕಾಗಬಹುದು. ಎಷ್ಟೋ ಊರುಗಳಲ್ಲಿ ಶುಲ್ಕವೂ ದುಪ್ಪಟ್ಟು.

ಇನ್ನು ಆ ಜೋಡಣೆಯ ವಿಷಯ. ಡೆಕ್ಕಿನ ಒಂದು ಬದಿಯ ಭಾರವನ್ನೆಲ್ಲ ಹೊರುವುದು ಮನೆಯ ಗೋಡೆಗೆ ಕೂರಿಸಿದ ಲೆಡ್ಜರ್ ಎಂಬ ಒಂದು ದಪ್ಪ ಹಲಗೆ. ಡೆಕ್ ಕುಸಿದ ಸುದ್ದಿ ಬಂದಾಗ ಹೆಚ್ಚಾಗಿ ಸೋತಿರುವುದು ಅದೇ. ಬರೀ ಮೊಳೆ ಹೊಡೆದಿದ್ದರೆ ಅದು ಕಿತ್ತು ಬರುತ್ತದೆ. ಅರ್ಧ ಇಂಚಿನ ಬೋಲ್ಟು ಅಥವಾ ಲ್ಯಾಗ್ ಸ್ಕ್ರೂ ಬೇಕು, ಅವೂ ಒಂದೇ ಸಾಲಿನಲ್ಲಲ್ಲ, ಒಂದು ಮೇಲೆ ಒಂದು ಕೆಳಗೆ. ಹಲಗೆಯ ಮೇಲ್ತುದಿಗೆ ಮಳೆನೀರು ಒಳಗಿಳಿಯದಂತೆ ಫ್ಲಾಶಿಂಗ್ ತಗಡು ಇರಲೇಬೇಕು. ಮನೆಯ ಹೊರಮೈ ಇಟ್ಟಿಗೆಯದಾಗಿದ್ದರೆ ಇನ್ನೂ ಎಚ್ಚರ. ಅಲ್ಲಿ ಅದು ಸಾಮಾನ್ಯವಾಗಿ ಒಂದು ಪದರದ ಅಲಂಕಾರ ಅಷ್ಟೇ, ಭಾರ ಹೊರುವುದು ಒಳಗಿನ ಮರ. ಆ ಇಟ್ಟಿಗೆಗೆ ಲೆಡ್ಜರ್ ಬಿಗಿಯುವ ಹಾಗಿಲ್ಲ, ಡೆಕ್ ತನ್ನ ಕಾಲ ಮೇಲೇ ನಿಲ್ಲಬೇಕು. ಮರಕ್ಕೆ ಹುಳು ಹಿಡಿಯದಂತೆ ತುಂಬಿಸುವ ತಾಮ್ರದ ರಾಸಾಯನಿಕ ಸಾದಾ ಮೊಳೆಯನ್ನು ತಿಂದುಹಾಕುತ್ತದೆ, ಹಾಗಾಗಿ ಗಾಲ್ವನೈಸ್ ಮಾಡಿದ್ದು ಅಥವಾ ಸ್ಟೇನ್‌ಲೆಸ್ ಸ್ಟೀಲಿನದೇ ಬಳಸಬೇಕು. ಇನ್‌ಸ್ಪೆಕ್ಟರು ಟಾರ್ಚ್ ಹಿಡಿದು ಡೆಕ್ಕಿನಡಿ ನುಸುಳಿ, ತೊಲೆ ಕೂರುವ ಕಬ್ಬಿಣದ ಹ್ಯಾಂಗರುಗಳಲ್ಲಿ ಮೊಳೆ ಹೊಡೆಯದೆ ಖಾಲಿ ಬಿಟ್ಟ ತೂತುಗಳನ್ನು ಬೆರಳಿಟ್ಟು ತೋರಿಸಿದ್ದನ್ನು ಕಂಡಿದ್ದೇನೆ. ಪರ್ಮಿಟ್ಟಿಗೆ ಕೊಡುವ ದುಡ್ಡು ಆ ಬೆರಳಿಗೆ ಅಂತ ತಿಳಿದುಕೊಳ್ಳಿ.

ಇದು ಅತಿಯಾಯಿತು ಅನ್ನಿಸಿದರೆ ಲೆಕ್ಕ ನೋಡಿ. ಕೋಡ್ ಪ್ರಕಾರ ಪ್ರತಿ ಚದರಡಿಗೆ 40 ಪೌಂಡ್ ತಾಳಬೇಕು. 192 ಚದರಡಿಗೆ ಅದು ಸುಮಾರು ಮೂರೂವರೆ ಟನ್. ಯುಗಾದಿ ಊಟಕ್ಕೆ ಕರೆದರೆ ನಮ್ಮವರು ಡೆಕ್ ಮೇಲೆ ಒಟ್ಟೊಟ್ಟಾಗಿಯೇ ನಿಲ್ಲುವುದು. ಶಿಕಾಗೊದಲ್ಲಿ 2003ರ ಜೂನಿನಲ್ಲಿ ಪಾರ್ಟಿ ನಡೆಯುತ್ತಿದ್ದಾಗ ಮರದ ಪೋರ್ಚು ಕುಸಿದು 13 ಜನ ಸತ್ತರು. ಕ್ಯಾಲಿಫೋರ್ನಿಯಾದ ಬರ್ಕ್ಲಿಯಲ್ಲಿ 2015ರಲ್ಲಿ ಬಾಲ್ಕನಿ ಮುರಿದು ಆರು ಜನ ಹೋದರು. ಅಲ್ಲಿ ನೀರು ಕುಡಿದ ಮರ ಒಳಗೇ ಕೊಳೆತಿತ್ತು.

ಅರ್ಜಿಗೆ ಬೇಕಾದ ಕಾಗದ ಹೆಚ್ಚೇನಿಲ್ಲ. ಸೈಟಿನ ಸರ್ವೆ ನಕ್ಷೆ (ಮನೆ ಕೊಂಡಾಗ ಕೊಟ್ಟ ಕಂತೆಯಲ್ಲೇ ಹುಡುಕಿ), ಅದರ ಮೇಲೆ ಡೆಕ್ ಎಲ್ಲಿ ಬರುತ್ತದೆ, ಗಡಿಯಿಂದ ಎಷ್ಟು ದೂರ ಅನ್ನುವ ಗುರುತು, ಜೊತೆಗೆ ಕಟ್ಟುವ ವಿವರದ ಚಿತ್ರ. ಅಮೆರಿಕನ್ ವುಡ್ ಕೌನ್ಸಿಲ್‌ನವರ ಡಿಸಿಎ 6 ಅನ್ನುವ ಕೈಪಿಡಿ ಪುಕ್ಕಟೆ ಸಿಗುತ್ತದೆ, ಚಿತ್ರ ಸಮೇತ. ಹಿತ್ತಲಲ್ಲಿ ಚರಂಡಿಗೋ ವಿದ್ಯುತ್ತಿಗೋ ಬಿಟ್ಟ ಈಸ್ಮೆಂಟ್ ಪಟ್ಟಿ ಇದ್ದರೆ ಅದರ ಮೇಲೆ ಕಟ್ಟಲು ಹೋಗಬೇಡಿ. ಬಡಾವಣೆಯ ಹೋಮ್ ಓನರ್ಸ್ ಅಸೋಸಿಯೇಷನ್ ಒಪ್ಪಿಗೆ ಬೇರೆ, ಊರಿನ ಪರ್ಮಿಟ್ ಬೇರೆ. ಒಂದಿದ್ದರೆ ಇನ್ನೊಂದು ಸಿಕ್ಕಂತಲ್ಲ. ಅಸೋಸಿಯೇಷನ್‌ನವರು ಬಣ್ಣದ ಬಗ್ಗೆ ಎಷ್ಟು ತಕರಾರು ತೆಗೆಯಬಲ್ಲರು ಅನ್ನುವುದನ್ನು ಅನುಭವಿಸಿಯೇ ತಿಳಿಯಬೇಕು.

ಕಂಟ್ರಾಕ್ಟರ್ "ಪರ್ಮಿಟ್ ನಿಮ್ಮ ಹೆಸರಲ್ಲೇ ತಗೊಂಡುಬಿಡಿ" ಅಂದರೆ ಕಿವಿ ನೆಟ್ಟಗಾಗಲಿ. ಲೈಸೆನ್ಸ್ ಇಲ್ಲದವರು ಹಾಗೆ ಹೇಳುವುದುಂಟು, ಸಹಿ ಹಾಕಿದ ಮೇಲೆ ಹೊಣೆಯೆಲ್ಲ ನಿಮ್ಮದು.

ಗುದ್ದಲಿ ಪೂಜೆಗೆ ಮುಹೂರ್ತ ನೋಡುವ ಮೊದಲು 811ಕ್ಕೆ ಕರೆ ಮಾಡಿ. ಕೆಲವು ದಿನ ಮುಂಚೆ ತಿಳಿಸಿದರೆ ನೆಲದಡಿಯ ಗ್ಯಾಸು, ಕರೆಂಟು, ಕೇಬಲ್ ಎಲ್ಲಿ ಹೋಗಿದೆ ಅಂತ ಬಣ್ಣ ಹಾಕಿ ಗುರುತು ಮಾಡಿಸುತ್ತಾರೆ, ದುಡ್ಡಿಲ್ಲ. ಕಂಬದ ಪಾಯ ಶಿಕಾಗೊದಲ್ಲಿ 42 ಇಂಚು ಆಳ ಹೋಗಬೇಕು. ಚಳಿಗೆ ಮಣ್ಣಿನ ನೀರು ಹೆಪ್ಪುಗಟ್ಟಿ ಉಬ್ಬಿದರೆ, ಮೇಲುಮೇಲೆ ಹೂತ ಕಂಬವನ್ನು ಅದು ಎತ್ತಿಬಿಡುತ್ತದೆ. ಗುಂಡಿಯನ್ನು ಇನ್‌ಸ್ಪೆಕ್ಟರು ನೋಡಿದ ಮೇಲೆಯೇ ಕಾಂಕ್ರೀಟ್. ಆಮೇಲೆ ಚೌಕಟ್ಟು ನೋಡುತ್ತಾರೆ, ಕೊನೆಗೊಮ್ಮೆ ಪೂರ್ತಿ ಡೆಕ್. ಕಟಾಂಜನ 36 ಇಂಚಿಗೆ ಕಡಿಮೆ ಇರಬಾರದು, ಕ್ಯಾಲಿಫೋರ್ನಿಯಾದಲ್ಲಿ 42. ಸರಳುಗಳ ನಡುವೆ 4 ಇಂಚಿನ ಚೆಂಡು ತೂರಬಾರದು, ಮಗುವಿನ ತಲೆ ಸಿಕ್ಕಿಕೊಳ್ಳದಿರಲಿ ಅಂತ. ಕಂಟ್ರಾಕ್ಟರಿನ ಕೊನೆಯ ಕಂತನ್ನು ಈ ಕೊನೆಯ ತಪಾಸಣೆ ಪಾಸಾಗುವವರೆಗೆ ಕೊಡಬೇಡಿ, ಕರಾರಿನಲ್ಲೇ ಹಾಗೆ ಬರೆಸಿಕೊಳ್ಳಿ.