ಬಡ್ಡಿಗೆ ಡ್ರಾ, ಅಸಲು ಭದ್ರ

ಮುಂಬೈ ಪಕ್ಕದ ಡೊಂಬಿವಲಿಯಲ್ಲಿ ಭಿಶಿ, ಅಂದರೆ ಚೀಟಿ, ಹಾಕದ ಮನೆ ಯಾವುದಿದೆ? ನಾನು ಶುರುಮಾಡಿದ್ದು ಭಿಶಿಯಲ್ಲ: ಮನೆಯವರೆಲ್ಲ ದುಡ್ಡು ಕೂಡಿಸಿ ಇಡುವುದು, ಅಸಲು ಮುಟ್ಟದೆ ತಿಂಗಳ ಬಡ್ಡಿಯನ್ನಷ್ಟೇ ಡ್ರಾ ಎತ್ತಿ ಬಹುಮಾನ ಕೊಡುವುದು. "ಇದು ಮಟ್ಕಾವೇ ಭಾವ, ಹೆಸರು ಮಾತ್ರ ಬೇರೆ" ಅಂತ ಹೆಂಡತಿಯ ತಮ್ಮ ನಕ್ಕಿದ್ದ. ಎರಡು ವರ್ಷ ದಾಟಿತು. ಈಗ ಡ್ರಾ ದಿನ ಎಲ್ಲರಿಗಿಂತ ಮೊದಲು ಬಂದು ಕೂರುವವನು ಅವನೇ.

ಈ ಯೋಚನೆ ತಲೆಗೆ ಬಂದದ್ದು ಅಪ್ಪನ ಟ್ರಂಕಿನಲ್ಲಿ ಸಿಕ್ಕ 5 ರೂಪಾಯಿಯ ಪ್ರೈಜ್ ಬಾಂಡಿನಿಂದ. 1960ರಲ್ಲಿ ಸರ್ಕಾರವೇ ಹೊರಡಿಸಿದ್ದು: ಬಡ್ಡಿ ಇಲ್ಲ, ಡ್ರಾದಲ್ಲಿ ಬಹುಮಾನ, ಐದು ವರ್ಷಕ್ಕೆ ಅಸಲು ವಾಪಸ್. ಅಪ್ಪನಿಗೆ ಬಹುಮಾನ ಹತ್ತಲಿಲ್ಲ, ಬಾಂಡನ್ನು ಅವರು ಮುರಿಸಲೂ ಇಲ್ಲ. ಬ್ರಿಟನ್ನಿನಲ್ಲಿ 1956ರಲ್ಲಿ ಶುರುವಾದ ಇಂಥದ್ದೇ ಬಾಂಡು ಇನ್ನೂ ನಡೆದಿದೆ. ಅಲ್ಲಿರುವ ಅಕ್ಕನ ಮಗ 25 ಪೌಂಡ್ ಬಹುಮಾನ ಬಂದಾಗೆಲ್ಲ ಫೋಟೋ ಕಳಿಸುತ್ತಾನೆ.

ಮನೆಯವರೇ ಆರು ಜನ, ತಲೆಗೆ 50,000. ಒಟ್ಟು ಮೂರು ಲಕ್ಷ ಪೋಸ್ಟಾಫೀಸಿನ ಎಂಐಎಸ್‌ನಲ್ಲಿ (ತಿಂಗಳು ತಿಂಗಳು ಬಡ್ಡಿ ಕೊಡುವ ಯೋಜನೆ), ಒಂದೇ ಖಾತೆ. ವರ್ಷಕ್ಕೆ ಶೇ. 7.4ರ ಲೆಕ್ಕದಲ್ಲಿ ತಿಂಗಳಿಗೆ 1,850. ಅದೇ ಬಹುಮಾನ.

ಹದಿನಾಲ್ಕನೇ ತಿಂಗಳಲ್ಲಿ ಎಡವಿದೆ. ಚಿಕ್ಕಪ್ಪನ ಮಗನಿಗೆ ರೂಮಿನ ಡಿಪಾಸಿಟ್‌ಗೆ ದುಡ್ಡು ಬೇಕಾಯಿತು. ಎಂಐಎಸ್‌ನಲ್ಲಿ ಅರ್ಧಂಬರ್ಧ ತೆಗೆಯುವಂತಿಲ್ಲ, ಖಾತೆಯನ್ನೇ ಮುಚ್ಚಬೇಕು, ಮೂರು ವರ್ಷದೊಳಗಾದರೆ ಶೇ. 2 ಕಡಿತ. ಆರು ಸಾವಿರ ಹೋಯಿತು, ಅದೂ ನನ್ನ ಜೇಬಿನಿಂದ. ವಾರವಿಡೀ ಮನೆಯಲ್ಲಿ ನನಗೆ ಮೌನದ ಊಟ. ಈಗ ಒಬ್ಬೊಬ್ಬರಿಗೆ ಒಂದೊಂದು ಖಾತೆ, ಬಡ್ಡಿ 308 ಚಿಲ್ಲರೆ ಬಂದ ಕೂಡಲೇ ನನಗೆ ಜಿಪೇ ಮಾಡುತ್ತಾರೆ. ಮರೆಯದ ಹಾಗೆ ಏನು ಮಾಡಿದೆ ಅನ್ನುವುದು ನನ್ನಲ್ಲೇ ಇರಲಿ.

ಮೊದಲು ಪೂರ್ತಿ ಮೊತ್ತ ಒಬ್ಬರಿಗೇ ಕೊಡುತ್ತಿದ್ದೆ. ಐದನೇ ತಿಂಗಳಿಗೆ ಸೋತವರ ಮುಖ ಸಪ್ಪಗಾಯಿತು. 1,000, 500, 350 ಅಂತ ಒಡೆದ ಮೇಲೆ ಕಳೆ ಬಂತು. ಮಗ ಫೋನಿನಲ್ಲಿ ನಂಬರ್ ತೆಗೆಯುವ ಪ್ರೋಗ್ರಾಂ ಬರೆದ, ಎರಡನೇ ತಿಂಗಳೇ ಅವನಿಗೇ ಬಹುಮಾನ! ಅಲ್ಲಿಗೆ ಅದರ ಕಥೆ ಮುಗಿಯಿತು. ಈಗ ತಾಮ್ರದ ಚೊಂಬು, ಹೌಸಿ ಆಟದ ಬಿಲ್ಲೆ, ತಲೆಗೆ ಎರಡು ನಂಬರು. ಅದರಲ್ಲೂ 6 ಮತ್ತು 9ರ ಜಗಳ ಹತ್ತಿತು. ಕೊನೆಗೆ ಹೆಂಡತಿಯ ನೇಲ್‌ಪಾಲಿಶ್‌ನಲ್ಲಿ 6ರ ಕೆಳಗೆ ಗೆರೆ ಎಳೆದೆ.

ಬಿಲ್ಡಿಂಗಿನವರು ತಾವೂ ಸೇರುತ್ತೇವೆ ಅಂದರು. ಪ್ರೈಜ್ ಚಿಟ್, ಅಂದರೆ ಜನರಿಂದ ದುಡ್ಡು ಕೂಡಿಸಿ ಬಹುಮಾನ ಹಂಚುವ ಚೀಟಿ, ನಿಷೇಧಿಸುವ 1978ರ ಕಾನೂನಿದೆ, ಹೊರಗಿನವರ ದುಡ್ಡು ಮುಟ್ಟುವುದಿಲ್ಲ ಅಂದುಬಿಟ್ಟೆ.

ನನಗೆ ಇಷ್ಟರವರೆಗೆ ಬಂದದ್ದು ನಾಲ್ಕು ಸಾವಿರ ಚಿಲ್ಲರೆ. ಆ ಆರು ಸಾವಿರ ಇನ್ನೂ ತುಂಬಿಲ್ಲ. ಕಳೆದ ತಿಂಗಳ ಸಾವಿರವೂ ಮಟ್ಕಾ ಅಂದವನಿಗೇ ಹೋಯಿತು.