ಸಿಮೆಂಟು ನಿಲ್ಲದ ಒಡ್ಡು

ನಾನು ಗದಗದ ಕಡೆಯ ಗೌಂಡಿ. ಊರಲ್ಲಿ ಕೆರೆ ಒಡ್ಡಿನ ಕೆಲಸ ಮಾಡಿದವನು. ಗೋವಾದ ದಿವಾಡಿ ದ್ವೀಪದಲ್ಲಿ ಖಾಜನ್ ಗದ್ದೆಯ ಒಡ್ಡು ಒಡೆದಿದೆ ಎಂದಾಗ, ಇದೇನು ಮಹಾ ಅಂದುಕೊಂಡೇ ಒಪ್ಪಿದೆ. ಮಾಂಡವಿ ಹೊಳೆಯ ಉಪ್ಪುನೀರು ಬರದಂತೆ ಒಡ್ಡು ಹಾಕಿ ಮಾಡಿಕೊಂಡ ತಗ್ಗು ಗದ್ದೆ ಅದು. ಮಳೆಗಾಲಕ್ಕೆ ಭತ್ತ, ಆಮೇಲೆ ಮೀನು, ಸಿಗಡಿ. ಜೊತೆಗಿದ್ದ ಕುಮಟಾದ ಹುಡುಗ ನೋಡಿದವನೇ, "ಅಣ್ಣಾ, ಇದು ನಮ್ಮೂರ ಗಜನಿಯೇ ಅಲ್ವಾ?" ಎಂದ.

ಮೊದಲ ಸಲ ಕೆಂಪುಕಲ್ಲು, ಸಿಮೆಂಟು ಹಾಕಿ ಕಟ್ಟಿದೆ. ಒಂದು ಮಳೆಗಾಲವೂ ನಿಲ್ಲಲಿಲ್ಲ. ಕೆರೆ ನೀರು ಒಂದೇ ಕಡೆಯಿಂದ ಒತ್ತುತ್ತದೆ. ಇಲ್ಲಿ ದಿನಕ್ಕೆರಡು ಸಲ ಏರಿ ಇಳಿಯುತ್ತದೆ, ಬಾರ್ಜು ಹೋದರೆ ಅದರ ಅಲೆ ಬೇರೆ. ಅಡಿಯ ಕೆಸರು ಜಾರಿತು, ಮೇಲಿನ ಸಿಮೆಂಟು ಸೀಳಿತು.

ಎರಡನೇ ಸಲ ಗದ್ದೆಯ ಹಿರಿಯರೊಬ್ಬರು ಹೇಳಿದಂತೆ ಕೇಳಿದೆ. ಕೆಲಸ ಅಷ್ಟಮಿ ಹೊತ್ತಿಗೆ, ಆಗ ಉಬ್ಬರ ಕಡಿಮೆ. ಅಮಾವಾಸ್ಯೆ, ಹುಣ್ಣಿಮೆಗೆ ಮುಟ್ಟಲೇಬಾರದು. ಉಬ್ಬರ ದಿನಾ ಸುಮಾರು 50 ನಿಮಿಷ ತಡವಾಗುತ್ತದೆ, ನಮ್ಮ ಊಟದ ಹೊತ್ತೂ ಅದರ ಹಿಂದೆಯೇ ಓಡುತ್ತಿತ್ತು! ಜಾಸ್ತಿ ಸಮಯ ತಿಂದದ್ದು ಏಡಿ ಬಿಲಗಳು. ಬಾಯಿ ಮಾತ್ರ ಮುಚ್ಚಿದರೆ ನೀರು ಒಳಗಿಂದ ದಾರಿ ಮಾಡಿಕೊಳ್ಳುತ್ತದೆ. ಬಿಲದ ತಳ ಸಿಗುವವರೆಗೆ ಅಗೆದು, ಹೊಳೆ ಕೆಸರಿಗೆ ಒಣಹುಲ್ಲು ಕಲಸಿ, ಕಾಲಲ್ಲಿ ತುಳಿದು ತುಂಬಿದೆವು. ಹೊರಮೈಗೆ ಕಲ್ಲನ್ನು ಗಾರೆ ಇಲ್ಲದೆ ಸುಮ್ನೆ ಜೋಡಿಸಿದೆವು. ಉಪ್ಪುನೀರ ಕೆಸರಲ್ಲಿ ಬೆಳೆಯುವ ಕಾಂಡ್ಲಾ (ಮ್ಯಾಂಗ್ರೋವ್) ಗಿಡ ಇದ್ದ ಕಡೆ ಒಡ್ಡು ಸವೆದೇ ಇರಲಿಲ್ಲ. ಇಲ್ಲದ ಕಡೆ ಅದರ ಕೋಲಿನಂಥ ಬೀಜಗಳನ್ನು ಕೆಸರಿಗೆ ಚುಚ್ಚಿದೆವು. ಅರ್ಧ ತೇಲಿಹೋದವು.

ಒಡ್ಡಿನಲ್ಲಿ ಒಂದು ಮರದ ಬಾಗಿಲಿದೆ, ಇಲ್ಲಿನವರು ಮಾನಸ್ ಅನ್ನುತ್ತಾರೆ. ಉಬ್ಬರಕ್ಕೆ ತಾನೇ ಮುಚ್ಚುತ್ತದೆ, ಇಳಿತಕ್ಕೆ ತಾನೇ ತೆರೆಯುತ್ತದೆ. ಚೌತಿ ಕಳೆದ ಮೇಲೆ, ಭತ್ತ ತೆನೆಗೆ ಬಂದಾಗ, ಒಂದು ರಾತ್ರಿ ಅದು ಪೂರ್ತಿ ಮುಚ್ಚಲಿಲ್ಲ. ಬೆಳಗ್ಗೆ ಬಾಗಿಲ ಹತ್ತಿರದ ಗದ್ದೆಯ ನೀರು ನಾಲಿಗೆಗೆ ಉಪ್ಪುಪ್ಪು. ಇಳಿತದಲ್ಲಿ ಇಳಿದು ಸಂದಿಗೆ ಕೈ ಹಾಕಿದೆ. ಹರಿದ ನೈಲಾನ್ ಬಲೆ, ಹಾಲಿನ ಪ್ಯಾಕೆಟ್, ಒಂಟಿ ಚಪ್ಪಲಿ. ಎಲ್ಲದರ ಕೆಳಗೆ ಮಡಚಿಕೊಂಡ ಒಂದು ಪ್ಲಾಸ್ಟಿಕ್ ಸಿಮೆಂಟು ಚೀಲ. ದ್ವೀಪದಲ್ಲಿ ಆ ವರ್ಷ ಆ ಜಾಗದಲ್ಲಿ ಸಿಮೆಂಟು ತಂದವನು ನಾನೊಬ್ಬನೇ.

ಹಿರಿಯರಿಗೆ ತೋರಿಸಲಿಲ್ಲ. ಹೊಳೆ ಬದಿಗೆ ಬಿದಿರಿನ ತಡಿಕೆ ಕಟ್ಟಿದೆ, ಕೂಲಿ ಕೇಳಲಿಲ್ಲ.